ಮೇಣವಿಲ್ಲದ ಮಾತು

“ಕೊನೇದಾಗಿ ಅವರು ಹೇಳಿದ್ದು ‘ಸಿನ್ಸಿಯರ್’ ಅನ್ನೋ ಪದದ ಬಗ್ಗೆ,” ಎಂದ ಉಪಸಂಪಾದಕ. “ಅದು ಎಲ್ಲಿಂದ ಬಂತು ಅಂತ. ಹೇಳಿ ಮುಗಿಸಿದ್ರು, ನಾನು ಲೋಟ ಇಟ್ಟು, ಎದ್ದು ಹೋದೆ. ಆಮೇಲೆ, ಮೇಡಂ, ನಾನು ಅವರನ್ನ ನೋಡಿಲ್ಲ.”

“ಎಲ್ಲಿಂದ ಬಂತಂತೆ?”

“ಮೇಣದಿಂದ.”

ಅವಳ ಪೆನ್ನು ನಿಂತಿತು.

“ಲ್ಯಾಟಿನ್ನಲ್ಲಿ ‘ಸಿನೆ ಸೇರಾ’ ಅಂದ್ರೆ ಮೇಣ ಇಲ್ಲದ್ದು. ರೋಮ್‌ನ ಶಿಲ್ಪಿಗಳು, ಅಮೃತಶಿಲೆ ಬಿರುಕು ಬಿಟ್ರೆ, ಮೇಣ ಮೆತ್ತಿ ಮುಚ್ಚಿಬಿಡ್ತಿದ್ರಂತೆ. ಬಿಸಿಲಿಗೆ ಮೇಣ ಕರಗಿದ ದಿನ ಬಂಡವಾಳ ಬಯಲು. ಅದಕ್ಕೇ ನಿಯತ್ತಿನ ಶಿಲ್ಪಿಗಳು ‘ನಮ್ಮ ವಿಗ್ರಹದಲ್ಲಿ ಮೇಣ ಇಲ್ಲ’ ಅಂತ ಹೇಳಿ ಮಾರ್ತಿದ್ರಂತೆ. ಹಾಗೆ ಹುಟ್ಟಿದ ಪದ.”

“ಇದನ್ನ ನಮ್ಮಣ್ಣ ಹೇಳಿದನಾ?”

“ಅವರೇ. ಆ ಕುರ್ಚೀಲಿ ಕೂತು.”

ಅವಳು ಕುರ್ಚಿಯ ಕಡೆ ನೋಡಿದಳು. ಬೆನ್ನಿಗೆ ಬೂದುಬಣ್ಣದ ಸ್ವೆಟರು ತೂಗುಬಿದ್ದಿತ್ತು, ಮೊಣಕೈ ಜಾಗದಲ್ಲಿ ನೂಲು ಸವೆದು ಜಾಳಾಗಿತ್ತು. ಗುರುವಾರ ಮಧ್ಯಾಹ್ನ ಆ ಕುರ್ಚಿಯಿಂದ ಎದ್ದುಹೋದ ಇಂಗ್ಲಿಷ್-ಕನ್ನಡ ನಿಘಂಟಿನ ಪ್ರಧಾನ ಸಂಪಾದಕ ಆಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೇಜಿನ ಮೇಲೆ ಅವನ ಮಾತ್ರೆಯ ಡಬ್ಬಿ ಹಾಗೆಯೇ ಇತ್ತು. ಹೃದಯದ ಮಾತ್ರೆಗಳು. ಅವು ತಪ್ಪಿದರೆ ಒಂದೆರಡು ದಿನ ತಡೆಯಬಹುದು, ಅದರಾಚೆಗೆ ಹೇಳಲಾಗದು ಎಂದು ಬೆಳಗ್ಗೆ ಅವನ ವೈದ್ಯರು ಫೋನಿನಲ್ಲಿ ಹೇಳಿದ್ದರು. ಇಂದು ಶನಿವಾರ.

ಕಾಣೆಯಾದವರನ್ನು ಹುಡುಕಿಕೊಡುವುದು ಅವಳ ಕಸುಬು. ಬೇರೆಯವರ ಗಂಡಂದಿರು, ಬೇರೆಯವರ ಮಕ್ಕಳು, ವಿಮೆಯ ಆಸೆಗೆ ತಾವೇ ಸತ್ತಂತೆ ನಟಿಸಿದವರು, ಎಲ್ಲರನ್ನೂ ಹುಡುಕಿದ್ದಳು. ಸ್ವಂತ ಅಣ್ಣನನ್ನು ಹುಡುಕುವ ಕೆಲಸಕ್ಕೆ ಯಾರೂ ಅವಳನ್ನು ಕರೆಸಿರಲಿಲ್ಲ. ತುರ್ತು ಬಂದರೆ ಯಾರಿಗೆ ತಿಳಿಸಬೇಕು ಎಂದು ಕಚೇರಿಯವರು ಕೇಳಿದ್ದಾಗ ಅವನು ತಂಗಿಯ ನಂಬರು ಕೊಟ್ಟಿದ್ದನಂತೆ. ಆ ಹೊತ್ತಿಗೆ ಅಣ್ಣ ತಂಗಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

ಜಗಳ ಆದದ್ದು ಒಂದು ಪದಕ್ಕೆ. ಅಮ್ಮ ತೀರಿಕೊಂಡಾಗ ಪತ್ರಿಕೆಗೆ ಕೊಡುವ ಪ್ರಕಟಣೆಯಲ್ಲಿ ಅವಳು ‘ಶಾಂತವಾಗಿ’ ಎಂದು ಬರೆದಿದ್ದಳು. ಅಣ್ಣ ಅದನ್ನು ಹೊಡೆದುಹಾಕಿದ. ಅಮ್ಮ ಶಾಂತವಾಗಿ ಹೋಗಲಿಲ್ಲ, ನೋವು ತಿಂದು ಹೋದಳು, ಅಚ್ಚಾಗುವುದು ನಿಜವಾಗಿರಬೇಕು ಎಂದ. ಆ ರಾತ್ರಿ ಹಾಸಿಗೆಯ ಪಕ್ಕ ಇದ್ದವಳು ನಾನು, ನೀನಲ್ಲ ಎಂದಳು ಇವಳು. ಅಲ್ಲಿಗೆ ಮುಗಿಯಿತು. ಅಣ್ಣ ಮದುವೆಯಾಗಿರಲಿಲ್ಲ, ಇವಳ ಮದುವೆ ಉಳಿದಿರಲಿಲ್ಲ. ಒಂದೇ ಊರಿನ ಎರಡು ತುದಿಯಲ್ಲಿ ಇಬ್ಬರೂ ಒಂದೊಂದು ತಟ್ಟೆ ತೊಳೆದಿಟ್ಟುಕೊಂಡು ಕಾಲ ಹಾಕುತ್ತಿದ್ದರು. ಭಾನುವಾರದ ಪತ್ರಿಕೆಯಲ್ಲಿ ಅವನು ಬರೆಯುತ್ತಿದ್ದ ಪದಗಳ ಅಂಕಣವನ್ನು ಮಾತ್ರ ಅವಳು ಒಂದು ವಾರವೂ ತಪ್ಪಿಸಿರಲಿಲ್ಲ.

ಅದಕ್ಕೇ ಅವಳಿಗೆ ಗೊತ್ತಿತ್ತು. ಮೇಣದ ಕತೆ ಸುಳ್ಳು.

“ಬಾಗಿಲು ಹಾಕಿ,” ಎಂದಳು.

ಉಪಸಂಪಾದಕ ಬಾಗಿಲು ಹಾಕಿ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. ತೆಳ್ಳಗೆ, ಕುತ್ತಿಗೆಯಿಂದ ಕೆಳಗೆ ಸ್ವಲ್ಪ ಬಾಗಿದ ಆಸಾಮಿ. ಮಾತಿನ ನಡುವೆ ಕಂಡಕಂಡಲ್ಲಿ ತಡೆದು ನಿಲ್ಲುವ ಅಭ್ಯಾಸ. ಅಣ್ಣ ಅವನಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದ. ಈಗ ಕಚೇರಿಯವರೆಲ್ಲ ಅವನನ್ನು ಕರೆಯುವುದೇ ಹಾಗೆ, ಅವನೂ ಓಗೊಡುತ್ತಿದ್ದ.

“ನೀವು ಸುಳ್ಳು ಹೇಳ್ತಿದ್ದೀರಿ,” ಎಂದಳು ಅವಳು, ದನಿ ಏರಿಸದೆ.

“ನಾನಾ?”

“ಸಿನ್ಸಿಯರ್‌ಗೂ ಮೇಣಕ್ಕೂ ಸಂಬಂಧ ಇಲ್ಲ. ಲ್ಯಾಟಿನ್ನಿನ ‘ಸಿನ್ಸೇರಸ್’ ಅಂದ್ರೆ ಶುದ್ಧ, ಕಲಬೆರಕೆ ಇಲ್ಲದ್ದು. ಅಲ್ಲಿಗೆ ಮುಗೀತು. ಶಿಲ್ಪಿ, ಬಿರುಕು, ಬಿಸಿಲು ಎಲ್ಲ ಆಮೇಲೆ ಯಾರೋ ಕಟ್ಟಿದ್ದು. ಇಂಥ ಕತೆಗಳಿಗೆ ಅಣ್ಣ ಏನಂತಿದ್ದ, ಗೊತ್ತಾ?”

“ಗಾಳಿಬೇರು.”

“ಗೊತ್ತಲ್ಲ. ನೆಲ ಮುಟ್ಟದ ಬೇರು. ಆ ಮೇಣದ ಕತೆ ಕಂಡ್ರೆ ಅವನಿಗೆ ಮೈಯೆಲ್ಲ ಉರೀತಿತ್ತು. ಅವನಿಗೆ ಪ್ರಶಸ್ತಿ ಕೊಟ್ಟ ಸಭೇಲಿ ಒಬ್ಬರು ಇವನನ್ನ ಹೊಗಳೋಕೆ ಅದೇ ಕತೆ ಹೇಳಿದ್ರಂತೆ. ಇವರು ಸಿನ್ಸಿಯರ್, ಮೇಣ ಇಲ್ಲದ ಮನುಷ್ಯ ಅಂತ. ಇವನು ಎದ್ದು, ಮೈಕು ಕಿತ್ಕೊಂಡು, ತಿದ್ದಿ ಕೂತ. ಹೊಗಳಿದವರು ಮುಖ ಎಲ್ಲಿಡಬೇಕು ಪಾಪ. ಅಂಕಣದಲ್ಲಿ ಅವನೇ ಬರೆದಿದ್ದ. ಅಂಥವನು ನಿಮ್ಮ ಮುಂದೆ ಟೀ ಕುಡೀತಾ ಅದೇ ಕತೇನ ನಿಜ ಅಂತ ಹೇಳಿದ ಅಂದ್ರೆ ನಾನು ನಂಬಬೇಕಾ?”

ಅಲ್ಪವಿರಾಮ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ.

“ಹೇಳಿದ್ದು ಹೌದು ಮೇಡಂ. ನನಗೂ, ಆಶ್ಚರ್ಯ ಆಯ್ತು.”

“ಆಶ್ಚರ್ಯ ಆಗಿ ಸುಮ್ಮನೆ ಎದ್ದು ಹೋದ್ರಾ?”

“ಅವರನ್ನ ತಿದ್ದೋಕೆ ನಾನ್ಯಾರು?”

“ನೀವು ಅವನ ಕೈಕೆಳಗಿನವರು. ಅವನು ಹೋದ್ರೆ ಆ ಕುರ್ಚಿ ನಿಮ್ದು. ಇನ್ನೂ ಅಚ್ಚಾಗದ ನಿಮ್ಮ ನಿಘಂಟಿನ ಪದಗಳು ದಿನಾ ಬೆಳಗ್ಗೆ ಬೇರೆ ಪ್ರಕಾಶನದವರ ಆ್ಯಪ್‌ನಲ್ಲಿ ಬರ್ತಿದ್ವು. ಯಾರೋ ಒಳಗಿನವರೇ ಕದ್ದು ಕೊಡ್ತಿದ್ರು. ಯಾರು ಅಂತ ಶುಕ್ರವಾರ ಮಾಲೀಕರ ಮುಂದೆ ಹೇಳ್ತೀನಿ ಅಂದಿದ್ದ ಅಣ್ಣ. ಗುರುವಾರವೇ ಇಲ್ಲದಂಗಾದ. ಅವನನ್ನ ಕೊನೇಲಿ ನೋಡಿದ್ದು ನೀವು. ಕೊನೇ ಮಾತು ಅಂತ ನೀವು ಹೇಳ್ತಿರೋದು ಅವನ ಬಾಯಲ್ಲಿ ಬರೋಕೇ ಸಾಧ್ಯ ಇಲ್ಲದ ಮಾತು. ನನ್ನ ಜಾಗದಲ್ಲಿ ನೀವಿದ್ರೆ ಏನಂದ್ಕೊಳ್ತಿದ್ರಿ?”

ಅವನು ಕನ್ನಡಕ ಹಾಕಿಕೊಂಡ.

“ನಿಮ್ಮ ಜಾಗದಲ್ಲಿ ನಾನಿದ್ರೆ,” ಎಂದ, ಈ ಸಲ ಎಲ್ಲೂ ತಡೆಯದೆ, “ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಅಣ್ಣನಿಗೆ ಫೋನ್ ಮಾಡಿರ್ತಿದ್ದೆ. ಮಧ್ಯಾಹ್ನ ಅವರ ಜೊತೆ ಊಟಕ್ಕೆ ಕೂರ್ತಿದ್ದವನು ನಾನು. ದಿನಾ ಬೈತಿದ್ರು. ನನ್ನ ಬರವಣಿಗೇಲಿ ಉಪ್ಪಿಲ್ಲ, ಖಾರ ಇಲ್ಲ, ಬರೀ ಅಲ್ಪವಿರಾಮ ಅಂತಿದ್ರು. ಬೈದು, ತಮ್ಮ ಊಟದ ಡಬ್ಬಿಯಿಂದ ಅರ್ಧ ನನಗೆ ಹಾಕ್ತಿದ್ರು. ಕುರ್ಚಿ ಬೇಕಾಗಿದ್ರೆ ನಾನು ಯಾವತ್ತೋ ಬೇರೆ ಕಡೆ ಹೋಗ್ತಿದ್ದೆ.”

ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಅವನು ಎದ್ದು ಬಾಗಿಲು ತೆರೆದು ಹೊರಗೆ ಇಣುಕಿದ. “ಅಕ್ಕಾ, ಒಂದು ನಿಮಿಷ ಬನ್ನಿ.”

ಟೀ ಹಂಚುವ ಹೆಂಗಸು ತಟ್ಟೆ ಹಿಡಿದು ಬಂದಳು. ದಪ್ಪ ಮೈ, ಚುರುಕು ಕಣ್ಣು. ಇಡೀ ಕಚೇರಿಗೆ ಅವಳು ಅಕ್ಕ.

“ಗುರುವಾರ ನೀವು ಲೋಟ ತಗೊಂಡು ಹೋಗೋಕೆ ಬಂದಾಗ ಸಾರ್ ಏನು ಹೇಳ್ತಿದ್ರು?” ಎಂದು ಅಲ್ಪವಿರಾಮ ಕೇಳಿದ.

“ಯಾವತ್ತಿನ ಹಾಗೆ ಪುರಾಣ,” ಎಂದಳು ಅಕ್ಕ. “ಕಲ್ಲಿಗೆ ಮೇಣ ಮೆತ್ತೋದು, ಬಿಸಿಲಿಗೆ ಕರಗೋದು. ಸಾರ್, ಹಾಗಾದ್ರೆ ನನ್ನ ಈ ಲೋಟಕ್ಕೂ ಸ್ವಲ್ಪ ಮೆತ್ತಿಕೊಡಿ, ಹಿಡಿ ಮುರಿದಿದೆ ಅಂದೆ. ಜೋರಾಗಿ ನಕ್ಕರು.”

“ಅಣ್ಣ ನಕ್ಕನಾ?”

“ಅದೇ ನೋಡಿ. ಅವರು ನಗೋದೇ ಅಪರೂಪ. ಆವತ್ತು ಮಾತೂ ಜೋರು, ನಗೂ ಜೋರು. ಇವರ ಕಡೆ ನೋಡೋದು ಬಿಟ್ಟು ಗೋಡೆ ಕಡೆ ತಿರುಗಿ ಮಾತಾಡ್ತಿದ್ರು. ಗೋಡೆಗೆ ಕಿವಿ ಕೇಳಿಸಲ್ವೇನೋ ಅನ್ನೋ ಹಾಗೆ.” ಅವಳು ಇಬ್ಬರ ಮುಖವನ್ನೂ ನೋಡಿದಳು. “ಏನು, ಇಬ್ಬರೂ ಜಗಳ ಆಡಿದ ಹಾಗಿದೆ. ಟೀ ತರಲಾ?”

“ಬೇಡ ಅಕ್ಕ.”

ಬಾಗಿಲು ಮುಚ್ಚಿಕೊಂಡಿತು.

“ನಾನು ಹಾಗೆ ಹೇಳಬಾರದಿತ್ತು,” ಎಂದಳು ಅವಳು.

“ನಾನೂ, ಫೋನಿನ ಮಾತು, ಹೇಳಬಾರದಿತ್ತು.”

ಅವನ ಅಲ್ಪವಿರಾಮಗಳು ಮರಳಿ ಬಂದಿದ್ದವು. ಅವಳಿಗೆ ಯಾಕೋ ಸಮಾಧಾನವಾಯಿತು.

ಎದ್ದು ಕಿಟಕಿಯ ಬಳಿ ಹೋದಳು. ಕಿಟಕಿಯಾಚೆ ಕೈಗೆಟಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಇಟ್ಟಿಗೆಯ ಗೋಡೆ. ಇದನ್ನು ನೋಡುತ್ತ ಅಣ್ಣ ಇಷ್ಟು ವರ್ಷ ಕುಳಿತಿದ್ದ. ಎದ್ದು ನಿಂತರೂ ಆಕಾಶ ಕಾಣದ ಕೋಣೆ.

ಅಂದರೆ ಅಣ್ಣ ನಿಜವಾಗಿಯೂ ಆ ಕತೆ ಹೇಳಿದ್ದ. ಸುಳ್ಳೆಂದು ಗೊತ್ತಿದ್ದೂ ಹೇಳಿದ್ದ. ಅಮ್ಮನ ಸಾವಿನ ಪ್ರಕಟಣೆಯಲ್ಲಿ ಒಂದು ಪದದ ಸುಳ್ಳನ್ನು ಸಹಿಸದವನು.

“ಸಿನ್ಸಿಯರ್‌ಗಿಂತ ಮುಂಚೆ ಏನು ಮಾತಾಡಿದ್ರಿ? ನೆನಪಿದ್ದಷ್ಟು ಹೇಳಿ.”

“ಎಲ್ಲಾ ನೆನಪಿದೆ. ನಾವು ‘ಎಲ್’ ಅಕ್ಷರದಲ್ಲಿದ್ದೀವಿ. ‘ಲೋನ್ಲಿ’ ಬರೀತಿದ್ರು. ಅಲೋನ್ ಅನ್ನೋದು ಮೊದಲು ಎರಡು ಪದ ಆಗಿತ್ತು, ‘ಆಲ್’, ‘ಒನ್’. ಪೂರಾ ಒಬ್ಬನೇ ಅಂತ. ಜನ ಎರಡನ್ನೂ ಸೇರಿಸಿ ಅಲೋನ್ ಮಾಡಿದ್ರು. ಆಮೇಲೆ ತಲೆ ಕತ್ತರಿಸಿ ‘ಲೋನ್’ ಮಾಡಿದ್ರು. ಅದಕ್ಕೆ ಬಾಲ ಅಂಟಿಸಿ ಲೋನ್ಲಿ. ‘ನೋಡಯ್ಯಾ, ಒಂಟಿ ಅನ್ನೋ ಪದಕ್ಕೂ ಮೊದಲು ಒಂದು ಜೊತೆ ಇತ್ತು’ ಅಂದ್ರು.”

ಅವಳು ಕಿಟಕಿಯಿಂದ ತಿರುಗಲಿಲ್ಲ.

“ಆಮೇಲೆ?”

“ಆಮೇಲೆ ‘ಈವ್ಸ್‌ಡ್ರಾಪ್’. ಅದು ನಮ್ಮ ಅಕ್ಷರ ಅಲ್ಲ, ಎಲ್ಲಿಂದ ನೆನಪಾಯ್ತೋ. ಮಳೆ ಬಂದಾಗ ಸೂರಿನಿಂದ ನೀರು ತೊಟ್ಟಿಕ್ಕುತ್ತಲ್ಲ, ಗೋಡೆ ಬುಡದ ಆ ಜಾಗಕ್ಕೆ ಆ ಹೆಸರಿತ್ತಂತೆ. ಅಲ್ಲಿ ನಿಂತ್ಕೊಂಡು ಒಳಗಿನ ಮಾತು ಕದ್ದು ಕೇಳೋನು ಈವ್ಸ್‌ಡ್ರಾಪರ್. ಅದಾದ ಮೇಲೆ ಸಿನ್ಸಿಯರ್.”

ಮೂರು ಪದ, ಮೂರರಲ್ಲಿ ಒಂದು ಸುಳ್ಳು.

ಅಮ್ಮ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಸಂಜೆ ಪಾಳಿ ಮಾಡುತ್ತಿದ್ದ ಕಾಲ. ಮಕ್ಕಳಿಬ್ಬರೇ ಬಡಿಸಿಕೊಂಡು ಊಟಕ್ಕೆ ಕೂರುತ್ತಿದ್ದರು. ಮನೆ ಬಿಕೋ ಎನ್ನುವುದು ತಂಗಿಗೆ ಗೊತ್ತಾಗದಿರಲೆಂದು ಅಣ್ಣ ದಿನಾ ಮೂರು ಇಂಗ್ಲಿಷ್ ಪದಗಳ ಕತೆ ಹೇಳುತ್ತಿದ್ದ. ಎರಡು ನಿಜ, ಒಂದು ಗಾಳಿಬೇರು. ಸುಳ್ಳು ಯಾವುದು ಎಂದು ಅವಳು ಹಿಡಿಯಬೇಕು. ಹಿಡಿದರೆ ಪಾತ್ರೆ ಅವನು ತೊಳೆಯುತ್ತಿದ್ದ, ಇಲ್ಲವಾದರೆ ಅವಳು. ಪತ್ತೇದಾರಿಕೆಯಲ್ಲಿ ಅವಳ ಮೊದಲ ಪಾಠ ಅದೇ. ‘ಕ್ಲೂ’ ಎಂದರೆ ಮೊದಲು ನೂಲಿನ ಉಂಡೆ ಎಂದು ಅವಳಿಗೆ ಹೇಳಿದವನೂ ಅವನೇ. ಎಳೆ ಸಿಕ್ಕಿತು ಎಂದು ನಾವು ಹೇಳುವುದಿಲ್ಲವೇ, ಹಾಗೆ.

ಈಗ ಎಳೆ ಸಿಕ್ಕಿತ್ತು.

“ಅವನು ಕತೆ ಹೇಳಿದ್ದು ನಿಮಗಲ್ಲ,” ಎಂದಳು. “ಕದ್ದು ಕೇಳ್ತಿದ್ದವರಿಗೆ. ಬೇಕಂತ್ಲೇ ಒಂದು ಸುಳ್ಳು ಎಸೆದ. ಬೇರೆ ಯಾರೂ ಆ ಕತೇನ ಅವನ ಬಾಯಿಂದ ಕೇಳಿರೋಕೆ ಸಾಧ್ಯ ಇಲ್ಲ. ಅದು ಎಲ್ಲಿ ಹೋಗಿ ಬೀಳುತ್ತೆ ನೋಡೋಣ ಅಂತ. ಆ ಆ್ಯಪ್ ನಿಮ್ಮ ಫೋನಿನಲ್ಲಿದೆಯಾ?”

“ನೋಡೋದು ಬಿಟ್ಟಿದ್ದೆ. ಹೊಟ್ಟೆ ಉರಿಯುತ್ತೆ.”

“ತೆಗೀರಿ.”

ಅವನು ಬೆರಳಾಡಿಸಿದ. ‘ಇಂದಿನ ಪದ’ ಎಂಬ ಹಸಿರು ಪಟ್ಟಿಯ ಕೆಳಗೆ ಅಕ್ಷರಗಳು ಮೂಡಿದವು. ಅವನ ಬಾಯಿ ಅರೆತೆರೆದು ಹಾಗೇ ಉಳಿಯಿತು. ಅವಳು ಫೋನನ್ನು ತೆಗೆದುಕೊಂಡು ಓದಿದಳು.

ಸಿನ್ಸಿಯರ್. ಮೇಣವಿಲ್ಲದ್ದು. ರೋಮಿನ ಶಿಲ್ಪಿಗಳು, ಬಿರುಕು, ಬಿಸಿಲು. ಕೊನೆಯಲ್ಲಿ: ‘ಮೇಣ ಕರಗಿದ ದಿನ ಬಂಡವಾಳ ಬಯಲು.’

“ಬಂಡವಾಳ ಬಯಲು,” ಎಂದಳು. “ಇದು ಯಾರ ಮಾತು?”

“ಅವರದ್ದೇ. ಅಕ್ಷರಶಃ ಅವರದ್ದೇ. ನಾನು ನಿಮಗೆ ಹೇಳಿದ್ದೂ ಅವರ ಮಾತಲ್ಲೇ.” ಅವನು ಕಣ್ಣು ಮಿಟುಕಿಸಿದ. “ನಾವು ಇದನ್ನ ಎಲ್ಲೂ ಬರೆದಿಲ್ಲ ಮೇಡಂ. ಎಸ್ ಅಕ್ಷರಕ್ಕೆ ಇನ್ನೂ ಎರಡು ವರ್ಷ ಇದೆ. ಬರೀ ಬಾಯಿಮಾತು.”

“ಹಾಗಾದ್ರೆ ಕದ್ದಿದ್ದು ಬರೆದದ್ದನ್ನಲ್ಲ. ಬಾಯಿಮಾತನ್ನ.” ಅವಳು ಅಣ್ಣನ ಕುರ್ಚಿಯ ಬಳಿ ಹೋಗಿ, ಅವನು ತಿರುಗಿ ನಕ್ಕಿದ್ದ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಇಟ್ಟಿಗೆಯ ಸದ್ದಲ್ಲ, ಹಲಗೆಯ ಟೊಳ್ಳು ಸದ್ದು. “ಇದರ ಆಚೆ ಏನಿದೆ?”

“ರೆಕಾರ್ಡಿಂಗ್ ಕೋಣೆ. ಪದಗಳ ಉಚ್ಚಾರ ದಾಖಲಿಸೋಕೆ ಅಂತ ಮಾಡಿದ್ದು. ಮೊದಲು ಎರಡೂ ಒಂದೇ ಹಾಲ್ ಆಗಿತ್ತು, ನಡುವೆ ಹಲಗೆ ಹಾಕಿ—” ಅವನು ಅಲ್ಲಿಗೆ ನಿಲ್ಲಿಸಿದ. ಈ ಸಲ ಅದು ಅಭ್ಯಾಸದ ತಡೆಯಾಗಿರಲಿಲ್ಲ.

ಆ ಕೋಣೆಗೆ ಬೀಗವಿರಲಿಲ್ಲ. ಒಳಗೆ ಕಾಲಿಟ್ಟೊಡನೆ ಹೊರಗಿನ ಸದ್ದೆಲ್ಲ ಅಳಿಸಿಹೋಯಿತು. ಗೋಡೆಗಳಿಗೆ, ಛಾವಣಿಗೆ, ಬಾಗಿಲಿನ ಹಿಂಬದಿಗೆಲ್ಲ ಗುಬುಟು ಗುಬುಟಾದ ಕಪ್ಪು ಸ್ಪಂಜು. ನಡುವೆ ಒಂದು ಸ್ಟೂಲು, ಮೈಕು, ಗಾಜಿನ ಮರೆ, ಮೂಲೆಯ ಮೇಜಿನ ಮೇಲೆ ಯಂತ್ರ. ಅವಳು ಕೆಮ್ಮಿದಳು. ಕೆಮ್ಮು ತುಟಿಯ ಹತ್ತಿರವೇ ಸತ್ತುಬಿದ್ದಂತಾಯಿತು. ತನ್ನ ಮನೆಯೂ ಹೀಗೆಯೇ ಎನಿಸಿತು ಅವಳಿಗೆ. ಎಷ್ಟು ಮಾತಾಡಿದರೂ ಹಿಂತಿರುಗಿ ಬಾರದ ಜಾಗ.

“ಉಚ್ಚಾರ ಓದೋರು ಯಾರು?”

“ಹೊರಗಿನಿಂದ ಬರ್ತಾರೆ. ಈ ತಿಂಗಳು ಯಾರೂ ಬಂದಿಲ್ಲ. ಕೋಣೆ ಖಾಲಿ.”

ಅವಳು ಹಲಗೆಯ ಗೋಡೆಯುದ್ದಕ್ಕೂ ಸ್ಪಂಜನ್ನು ಅಂಗೈಯಿಂದ ಒತ್ತುತ್ತ ನಡೆದಳು. ಎದೆಯೆತ್ತರದಲ್ಲಿ ಒಂದು ಚೌಕ ಅಲುಗಾಡಿತು. ಉಗುರು ತೂರಿಸಿ ಎಳೆದರೆ ಬಿಟ್ಟುಕೊಂಡಿತು. ಹಿಂದೆ ಹಲಗೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ತೂತಿನಲ್ಲಿ ಗುಂಡಿಯಷ್ಟು ದೊಡ್ಡ ಮೈಕು. ಅದರ ತಂತಿ ಸ್ಪಂಜಿನ ಹಿಂದೆ ಇಳಿದು, ಮೂಲೆಯ ಯಂತ್ರದ ಬೆನ್ನಿಗೆ ಸೇರಿತ್ತು.

“ಈ ಯಂತ್ರ ಹೇಗೆ ಕೆಲಸ ಮಾಡುತ್ತೆ?”

“ಸದ್ದು ಬಂದ್ರೆ ತಾನೇ ಶುರು ಆಗುತ್ತೆ, ಸದ್ದು ನಿಂತ್ರೆ ತಾನೇ ನಿಲ್ಲುತ್ತೆ. ದಾಖಲೆ ಇದರಲ್ಲೂ ಇರುತ್ತೆ, ಇಂಟರ್ನೆಟ್ಟಿನಲ್ಲೂ ಇರುತ್ತೆ. ಪಾಸ್‌ವರ್ಡ್ ಇದ್ದೋರು ಎಲ್ಲಿಂದ ಬೇಕಾದ್ರೂ ಕೇಳಬಹುದು.” ಅವನ ದನಿ ಇಳಿದಿತ್ತು. “ನನಗೆ ಗೊತ್ತಿರಲಿಲ್ಲ ಮೇಡಂ. ದೇವರಾಣೆ.”

“ಪಾಸ್‌ವರ್ಡ್ ಯಾರ ಹತ್ರ ಇದೆ?”

“ಇಡೀ ಕಚೇರಿಗೆ ಗೊತ್ತು. ಅಲ್ಲಿ ಚೀಟಿ ಅಂಟಿಸಿದ್ದಾರೆ ನೋಡಿ.”

ನಿಜ. ಯಂತ್ರದ ನೆತ್ತಿಗೆ ಹಳದಿ ಚೀಟಿ ಅಂಟಿತ್ತು. ಅವಳು ನಿಟ್ಟುಸಿರು ಬಿಟ್ಟಳು.

“ಗುರುವಾರದ್ದು ಹಾಕಿ.”

ಮೊದಲು ಗೊರಗೊರ ಸದ್ದು. ಆಮೇಲೆ, ಅವಳು ಸಿದ್ಧವಾಗುವ ಮೊದಲೇ, ಅಣ್ಣನ ದನಿ.

ಅವಳು ಸ್ಟೂಲಿನ ಮೇಲೆ ಕುಳಿತಳು. ದನಿ ಮುದಿಯಾಗಿತ್ತು. ಅದೊಂದು ಅವಳು ಎಣಿಸಿರಲಿಲ್ಲ. ಅಂಕಣ ಓದುವಾಗಲೆಲ್ಲ ಅವಳ ತಲೆಯೊಳಗೆ ಕೇಳುತ್ತಿದ್ದದ್ದು ಹಳೆಯ ದನಿ, ಊಟದ ಮೇಜಿನ ಎದುರಿನದು. ಇಲ್ಲಿ ಪ್ರತಿ ಸಾಲಿನ ಕೊನೆಗೆ ಸಣ್ಣ ಏದುಸಿರು ಇತ್ತು. ಮೇಣ, ಶಿಲ್ಪಿ, ಬಿಸಿಲು. ಅಕ್ಕ ಲೋಟದ ಮಾತಾಡಿದಳು. ಅಣ್ಣ ನಕ್ಕ. ಅಲ್ಪವಿರಾಮ ಏನೋ ಗೊಣಗಿ ಎದ್ದ, ಬಾಗಿಲು ಹಾಕಿದ ಸದ್ದು ಬಂತು.

“ಇಲ್ಲಿವರೆಗೆ ನೀವು ಹೇಳಿದ್ದು ಸರಿ,” ಎಂದಳು.

“ಮುಗೀತು ಅನ್ಸುತ್ತೆ.”

ಮುಗಿದಿರಲಿಲ್ಲ. ಯಂತ್ರ ಒಮ್ಮೆ ಟಿಕ್ಕೆಂದು ಮತ್ತೆ ಶುರುವಾಯಿತು. ಫೋನಿನ ಗಂಟೆ.

“ಹಲೋ,” ಎಂದ ಅಣ್ಣ. “ಯಾರು?”

ಆಚೆ ಬದಿಯ ದನಿ ಮೈಕಿಗೆ ಸಿಕ್ಕಿರಲಿಲ್ಲ.

“ಯಾರು ಅಂದ್ರಿ?” ಮತ್ತೆ ಮೌನ. “ಸುಮ್ನಿರಿ. ಅವಳು ನನಗೆ ಫೋನ್ ಮಾಡೋದಿಲ್ಲ.”

ಅವಳ ಬೆನ್ನು ನೆಟ್ಟಗಾಯಿತು.

“ದನಿ ಅವಳದ್ದಲ್ಲ... ಶೀತನಾ? ಎಷ್ಟು ದಿನದಿಂದ?” ಅಣ್ಣನ ದನಿ ನಂಬಲೋ ಬೇಡವೋ ಎಂದು ಹೊಯ್ದಾಡುತ್ತಿತ್ತು. “ಹಾಗಾದ್ರೆ ಒಂದು ಹೇಳು. ಅಮ್ಮನ ಏಪ್ರನ್ ಸುತ್ಕೊಂಡು ಮನೆ ತುಂಬ ಓಡಾಡ್ತಿದ್ಯಲ್ಲ, ಆವಾಗ ನಾನು ನಿನ್ನ ಏನಂತ ಕರೀತಿದ್ದೆ?”

ಯಂತ್ರದಲ್ಲಿ ಗೊರಗೊರ ಮಾತ್ರ ಉಳಿಯಿತು.

ಅದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು. ಲಾಂಡ್ರಿಯ ಏಪ್ರನ್ ಅವಳ ಮೈಗೆ ಎರಡು ಸುತ್ತು ಬರುತ್ತಿತ್ತು. ಇಂಗ್ಲಿಷಿನವರು ಅದನ್ನು ಮೊದಲು ‘ನೇಪ್ರನ್’ ಎನ್ನುತ್ತಿದ್ದರು, ‘ಎ ನೇಪ್ರನ್’ ಎಂದದ್ದನ್ನು ಜನ ‘ಆ್ಯನ್ ಏಪ್ರನ್’ ಎಂದು ಕೇಳಿಸಿಕೊಂಡು ಪದದ ಮೊದಲಕ್ಷರವನ್ನೇ ಕಳೆದುಹಾಕಿದರು ಎಂದು ಅಣ್ಣ ಎಲ್ಲೋ ಓದಿಕೊಂಡು ಬಂದಿದ್ದ. ಅಂದಿನಿಂದ ತಂಗಿ ಅವನಿಗೆ ನೇಪ್ರಿ. ಅಮ್ಮನಿಗೆ ಅದು ಅರ್ಥವಾಗದೆ, ಎಂಥ ಕೆಟ್ಟ ಹೆಸರು ಎಂದು ಬೈಯುತ್ತಿದ್ದಳು. ಅವನು ಅದನ್ನು ಎಲ್ಲೂ ಬರೆದಿರಲಿಲ್ಲ, ಹೊರಗಿನವರ ಮುಂದೆ ಕರೆದಿರಲಿಲ್ಲ. ಅವಳು ಗಂಡನಾಗಿದ್ದವನಿಗೂ ಹೇಳಿರಲಿಲ್ಲ.

“ನೇಪ್ರೀ,” ಎಂದಿತು ಯಂತ್ರದೊಳಗಿನ ಅಣ್ಣನ ದನಿ.

ಅವನು ಹೇಳಿಕೊಟ್ಟದ್ದಲ್ಲ. ಆಚೆಯಿಂದ ಬಂದದ್ದನ್ನು ಮತ್ತೆ ನುಡಿದದ್ದು. ಆಮೇಲೆ ಸ್ವಲ್ಪ ಹೊತ್ತು ಮೂಗೆಳೆದ ಸದ್ದು.

“ಬರ್ತೀನಿ. ಎಲ್ಲಿ... ಗೊತ್ತು, ಗೊತ್ತು. ಇಲ್ಲಮ್ಮ, ಯಾರಿಗೂ ಹೇಳಲ್ಲ. ನೀನು ಅಲ್ಲೇ ಇರು, ಎಲ್ಲೂ ಹೋಗಬೇಡ. ಈಗಲೇ ಹೊರಟೆ ನಾನು.”

ಕುರ್ಚಿ ಜರುಗಿತು. ಏನೋ ಬಿತ್ತು. ಅಣ್ಣ ಅದನ್ನು ಎತ್ತಲಿಲ್ಲ. ಹೆಜ್ಜೆಗಳು, ಬಾಗಿಲು. ಆ ವಯಸ್ಸಿನ ಮನುಷ್ಯ ಹೆಚ್ಚುಕಡಿಮೆ ಓಡಿಕೊಂಡೇ ಹೋಗಿದ್ದ.

ಯಂತ್ರ ತಾನಾಗಿ ನಿಂತಿತು.

ಅಲ್ಪವಿರಾಮನ ಮುಖ ಅರಳಿತ್ತು. “ನೀವು ಫೋನ್ ಮಾಡಿದ್ರಾ? ಅಯ್ಯೋ, ಮೊದಲೇ ಹೇಳಬಾರದಾ ಮೇಡಂ? ಅದು ಗೊತ್ತಿಲ್ಲದೆ ನಾನು ಏನೇನೋ, ನಿಮ್ಮ ಮನೇಲೇ ಇದ್ದಾರಾ ಅವರು?”

“ನಾನು ಮಾಡಿಲ್ಲ.”

“ಅಲ್ಲ, ಅವರೇ ಅಂದ್ರಲ್ಲ—”

“ನಾನು ಮಾಡಿಲ್ಲ.”

ಅವನು ಅವಳನ್ನು ನೋಡಿದ. ನೋಡುತ್ತಿದ್ದಂತೆ ಮುಖದ ನಗು ಒಂದೊಂದೇ ಅಂಗುಲ ಹಿಂದೆ ಸರಿಯಿತು. ಜೊತೆಗೆ ಅವನೂ ಒಂದು ಹೆಜ್ಜೆ ಬಾಗಿಲ ಕಡೆ ಸರಿದ. ಆ ಹೆಜ್ಜೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಮನೆಗಳಲ್ಲಿ ಎಷ್ಟೋ ಜನ ಬೇರೆ ಯಾರಿಂದಲೋ ಹಾಗೆ ದೂರ ಸರಿಯುವುದನ್ನು ಅವಳು ಗೋಡೆಗೊರಗಿ ನೋಡಿದ್ದಳು.

“ಇನ್ನೊಂದು ಸಲ ಹಾಕಿ,” ಎಂದಳು. “ಎಲ್ಲಿಗೆ ಅಂತ ಅವನು ಹೇಳ್ತಾನಾ ಕೇಳೋಣ.”

ಅವನು ಅಲುಗಲಿಲ್ಲ.

ಬಾಗಿಲು ಹೊರಗಿನಿಂದ ತೆರೆಯಿತು. ಇನ್ಸ್‌ಪೆಕ್ಟರ್ ಒಳಗೆ ಬಂದ. ಅವನ ಹಿಂದೆ ಒಬ್ಬಳು ಮಹಿಳಾ ಪೇದೆ. ಪತ್ತೇದಾರಳಿಗೂ ಇನ್ಸ್‌ಪೆಕ್ಟರನಿಗೂ ಹಳೆಯ ಪರಿಚಯ. ಅವಳು ಹುಡುಕಿಕೊಟ್ಟ ಜನರಲ್ಲಿ ಕೆಲವರನ್ನು ಅವನು ಜೈಲಿಗೆ ಕಳಿಸಿದ್ದ. ಎದುರಾದಾಗಲೆಲ್ಲ ನಗುತ್ತಿದ್ದವನು ಇಂದು ನಗಲಿಲ್ಲ.

“ಇಲ್ಲೇ ಸಿಕ್ಕಿದ್ದು ಒಳ್ಳೇದಾಯ್ತು ಮೇಡಂ. ನಿಮ್ಮ ಮನೆಗೆ ಹೋಗಿ ಬಂದ್ವಿ.”

“ಅಣ್ಣ ಸಿಕ್ಕಿದನಾ?”

“ಇಲ್ಲ.” ಅವನು ತನ್ನ ಫೋನನ್ನು ಹೊರತೆಗೆದು ಗುಂಡಿಯೊತ್ತಿದ. ‘ನೇಪ್ರೀ’ ಎಂದಿತು ಅದು, ಅಣ್ಣನ ದನಿಯಲ್ಲಿ, ಸಣ್ಣದಾಗಿ. ಮತ್ತೆ ಗುಂಡಿಯೊತ್ತಿ ನಿಲ್ಲಿಸಿದ. “ಬೆಳಗ್ಗೆ ಸ್ಟೇಷನ್ನಿಗೆ ಯಾರೋ ಕಳಿಸಿದ್ದಾರೆ. ಕಳಿಸಿದವರ ಹೆಸರಿಲ್ಲ, ನಂಬರಿಲ್ಲ.”

“ಹಾಗಾದ್ರೆ ಈ ಮೈಕು ಇಟ್ಟವನೇ ಕಳಿಸಿದ್ದು. ನೋಡಿ ಇಲ್ಲಿ, ಈ ತೂತು—”

“ನೋಡ್ತೀನಿ. ಎಲ್ಲಾ ನೋಡ್ತೀನಿ.” ಅವನು ತೂತಿನ ಕಡೆ ತಿರುಗಲಿಲ್ಲ. “ಮೊದಲು ನೀವು ಹೇಳಿ. ಅವರು ಕರೀತಿರೋದು ನಿಮ್ಮನ್ನೇ ಅಲ್ವಾ?”

“ನನ್ನನ್ನೇ.”

“ಆ ಹೆಸರು ಇನ್ಯಾರಿಗೆ ಗೊತ್ತು?”

“ನನಗೆ ಗೊತ್ತಿರೋ ಹಾಗೆ, ಯಾರಿಗೂ ಇಲ್ಲ.” ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದೇನೆಂದು ಕೇಳಿಸಿತು.

ಮಹಿಳಾ ಪೇದೆ ಬಾಗಿಲಿಗೆ ಅಡ್ಡಲಾಗಿ ನಿಂತಳು. ಅಲ್ಪವಿರಾಮ ನೆಲ ನೋಡುತ್ತಿದ್ದ.

“ಟೈಮ್ ಹಾಳು ಮಾಡಬೇಡಿ,” ಎಂದಳು ಅವಳು. “ಅವನ ಹತ್ರ ಮಾತ್ರೆ ಇಲ್ಲ. ನನ್ನನ್ನ ಕೇಳ್ತಾ ನಿಂತ್ರೆ ಅಲ್ಲಿ ಅವನು...”

“ಅಲ್ಲಿ ಅಂದ್ರೆ ಎಲ್ಲಿ ಮೇಡಂ?”

ಅವಳು ಬಾಯಿ ಮುಚ್ಚಿದಳು.

“ಗುರುವಾರ ಮಧ್ಯಾಹ್ನದಿಂದ ಸಂಜೆವರೆಗೆ ನೀವೆಲ್ಲಿದ್ರಿ?”

“ಮನೇಲಿ.”

“ಯಾರಾದ್ರೂ ಬಂದಿದ್ರಾ?”

“ಇಲ್ಲ.”

“ಫೋನು?”

“ಇಲ್ಲ.”

“ಅಕ್ಕಪಕ್ಕದವರು, ಅಂಗಡಿಯವರು, ಮೆಟ್ಟಿಲ ಹತ್ರ ಎದುರಾದವರು. ಒಂದು ಮಾತು ಆಡಿದವರು.”

ಅವಳು ಗುರುವಾರವನ್ನು ಮತ್ತೊಮ್ಮೆ ಮೊದಲಿನಿಂದ ನೆನೆದಳು. ಅನ್ನಕ್ಕಿಟ್ಟದ್ದು, ಉಂಡದ್ದು, ತಟ್ಟೆ ತೊಳೆದದ್ದು, ಹಳೆಯ ಭಾನುವಾರದ ಪತ್ರಿಕೆ ಹಿಡಿದು ಹಾಸಿಗೆಯಲ್ಲಿ ಒರಗಿದ್ದು. ಕಿಟಕಿಯ ಪರದೆಯನ್ನೂ ಸರಿಸಿರಲಿಲ್ಲ. ಬುಧವಾರವೂ ಹಾಗೆಯೇ ಇತ್ತು, ಶುಕ್ರವಾರ ಈ ಕಚೇರಿಯಿಂದ ಫೋನ್ ಬರುವವರೆಗೂ ಹಾಗೆಯೇ. ಅಲಿಬಿ ಎಂಬ ಪದಕ್ಕೆ ಲ್ಯಾಟಿನ್ನಿನಲ್ಲಿ ‘ಬೇರೆ ಕಡೆ’ ಎಂದಷ್ಟೇ ಅರ್ಥ. ಬೇರೆ ಕಡೆ ಇದ್ದೆ ಎನ್ನಲು, ಇದ್ದಳು ಎನ್ನುವವರು ಒಬ್ಬರು ಬೇಕು.

ಇನ್ಸ್‌ಪೆಕ್ಟರ್ ಸ್ಟೂಲಿನ ಮುಂದೆ ಬಗ್ಗಿದ. ಅವನ ದನಿ ಮೆತ್ತಗಾಗಿತ್ತು, ನಿಜವಾಗಿಯೂ ಸಹಾಯ ಮಾಡಬೇಕೆಂದಿರುವವನ ಹಾಗೆ.

“ಒಬ್ಬರ ಹೆಸರು ಹೇಳಿ ಮೇಡಂ. ಒಬ್ಬರು ಸಾಕು.”